ಕೋಡ್ ತೆರೆದಿಟ್ಟರೆ ಸಾಲದು: ಪುಟ್ಟ ಜಾಲತಾಣಕ್ಕೆ ಜೊತೆಗಾರರನ್ನು ಕೂಡಿಸಿಕೊಳ್ಳುವ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗೆ ಓಡುವ ಬಸ್ಸುಗಳ ಸಮಯವನ್ನು ಕನ್ನಡದಲ್ಲೂ ಮಲಯಾಳದಲ್ಲೂ ತೋರಿಸುವ ಸಣ್ಣ ಜಾಲತಾಣವೊಂದನ್ನು ನಾನು ಬಿಡುವಿನ ವೇಳೆಯಲ್ಲಿ ಕಟ್ಟಿದ್ದೆ. ಒಬ್ಬನಿಂದಲೇ ಸುಧಾರಿಸಲಾಗದೆ ಹೋದಾಗ ಅದರ ಕೋಡನ್ನು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇರಿಸಿ, ಆಸಕ್ತರು ಕೈಜೋಡಿಸಬಹುದೆಂದು ಒಂದು ಸಾಲು ಬರೆದು ಸುಮ್ಮನಾದೆ. ತಿಂಗಳುಗಟ್ಟಲೆ ಯಾರೂ ಇತ್ತ ಸುಳಿಯಲಿಲ್ಲ. ಅದೇ ದಾರಿಯಲ್ಲಿ ಹೊರಟಿರುವವರಿಗೆ ಉಪಯೋಗವಾಗಲೆಂದು, ನಾನು ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಾಗಿದ್ದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆರೆಯುವ ಮುನ್ನ ಒಳಗಿನ ಕೀಲಿಕೈಗಳನ್ನು ಎತ್ತಿಡಬೇಕು. ಸರ್ವರ್‌ನ ಪಾಸ್‌ವರ್ಡ್, ನಕಾಶೆ ಸೇವೆಯ ಕೀ ಮೊದಲಾದವು ಕೋಡಿನೊಳಗೆ ಉಳಿದಿದ್ದರೆ, ಆ ಫೈಲನ್ನು ಅಳಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಕೋಡಿನ ಬದಲಾವಣೆಗಳ ದಾಖಲೆಯಿಡುವ ಗಿಟ್ ಎಂಬ ತಂತ್ರಾಂಶವು ಹಳೆಯ ಕಮಿಟ್‌ಗಳನ್ನೆಲ್ಲ, ಅಂದರೆ ಆಗಾಗ ಉಳಿಸಿದ ರೂಪಗಳನ್ನೆಲ್ಲ, ಕಾಪಿಡುವುದರಿಂದ ಹಿಂದಕ್ಕೆ ಹೋಗಿ ಹುಡುಕುವವರಿಗೆ ಅವು ಸಿಕ್ಕೇ ಸಿಗುತ್ತವೆ. ಹಳೆಯ ಕೀಯನ್ನು ರದ್ದುಮಾಡಿ ಹೊಸದನ್ನು ಪಡೆದು, ಅದನ್ನು ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರತ್ಯೇಕ ಫೈಲಿನಲ್ಲಿ ಇಡುವುದೊಂದೇ ಭದ್ರವಾದ ದಾರಿ.

ಎರಡನೆಯದು ಪರವಾನಗಿ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯಕೃತಿಯೆಂದೇ ಪರಿಗಣಿಸುತ್ತದೆ. ಆದ್ದರಿಂದ ಪರವಾನಗಿಯ ಪಠ್ಯವಿಲ್ಲದೆ ತೆರೆದಿಟ್ಟ ಕೋಡನ್ನು ಓದಬಹುದೇ ಹೊರತು ತಿದ್ದಿ ಬಳಸುವ ಹಕ್ಕು ಯಾರಿಗೂ ದೊರೆಯುವುದಿಲ್ಲ. ಸಿದ್ಧವಾಗಿ ಸಿಗುವ ಪರವಾನಗಿಗಳ ಪೈಕಿ ಎಂಐಟಿ ಎಂಬುದರಲ್ಲಿ ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಂಡು ಯಾರು ಏನು ಬೇಕಾದರೂ ಮಾಡಬಹುದು. ಎಜಿಪಿಎಲ್ ಎಂಬ ಇನ್ನೊಂದರಲ್ಲಾದರೆ, ತಿದ್ದಿದ ಕೋಡಿನಿಂದ ಜಾಲತಾಣ ನಡೆಸುವವರು ಆ ಕೋಡನ್ನು ತಮ್ಮ ಬಳಕೆದಾರರಿಗೂ ಕೊಡಬೇಕು. ಊರಿನವರೇ ಕಲೆಹಾಕಿದ ಮಾಹಿತಿಯ ಮೇಲೆ ನಿಂತ ಕೆಲಸಕ್ಕೆ ಎರಡನೆಯದೇ ಸರಿಯೆಂದು ನನಗೆ ಅನಿಸಿತು. ಹಿಂದೆ ಗೆಳೆಯರು ಬರೆದುಕೊಟ್ಟ ಭಾಗಗಳಿದ್ದರೆ ಅವರ ಒಪ್ಪಿಗೆಯನ್ನೂ ಪಡೆದಿರಬೇಕು.

ನಾನು ನಿಜವಾಗಿ ಎಡವಿದ್ದು ಮುಂದಿನ ಹಂತದಲ್ಲಿ. ಕೋಡಿನ ಜೊತೆಗಿಡುವ ಪರಿಚಯದ ಫೈಲಾದ ರೀಡ್‌ಮಿಯಲ್ಲಿ ಜಾಲತಾಣದ ಗುಣಗಾನವಿತ್ತೇ ಹೊರತು ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸುವ ಬಗೆ ಇರಲಿಲ್ಲ. ರಜೆಗೆ ಮನೆಗೆ ಬಂದಿದ್ದ ಸೋದರಳಿಯನ ಕೈಗೆ ಬೇರೊಂದು ಲ್ಯಾಪ್‌ಟಾಪ್ ಕೊಟ್ಟು, ಒಂದು ಮಾತೂ ಆಡದೆ ಪಕ್ಕದಲ್ಲಿ ಕುಳಿತೆ. ಕೋಡನ್ನು ಓಡಿಸುವ ನೋಡ್ ಎಂಬ ತಂತ್ರಾಂಶದ ಯಾವ ಆವೃತ್ತಿ ಬೇಕೆಂದು ಬರೆದಿರಲಿಲ್ಲವಾದ್ದರಿಂದ ಮೊದಲ ಆದೇಶದಲ್ಲೇ ಪರದೆ ಕೆಂಪಾಯಿತು. ಅದನ್ನು ದಾಟಿದ ಮೇಲೆ ಖಾಲಿ ಪುಟವೊಂದು ತೆರೆದುಕೊಂಡಿತು. ‘ಮಾವ, ಬಸ್ಸುಗಳೆಲ್ಲಿ?’ ಎಂದು ಅವನು ಕೇಳಿದ. ಬಸ್ಸುಗಳೆಲ್ಲ ನನ್ನ ಲ್ಯಾಪ್‌ಟಾಪಿನ ಡೇಟಾಬೇಸಿನಲ್ಲಿದ್ದವು! ಅಂದೇ ಐದು ಬಸ್ಸುಗಳ ಮಾದರಿ ಫೈಲೊಂದನ್ನು ಸೇರಿಸಿ, ಬೇಕಾದ ಆವೃತ್ತಿಯನ್ನೂ ಕೊಡಬೇಕಾದ ಮೂರು ಆದೇಶಗಳನ್ನೂ ಕೊನೆಗೆ ಕಾಣಬೇಕಾದ ಪುಟದ ಚಿತ್ರವನ್ನೂ ರೀಡ್‌ಮಿಯಲ್ಲಿ ಹಾಕಿದೆ. ಈ ಪರೀಕ್ಷೆಯನ್ನು ನೀವೂ ಮಾಡಿ ನೋಡಬೇಕು. ಬಾಯಿಬಿಡದೆ ಕುಳಿತುಕೊಳ್ಳುವುದೇ ಅದರಲ್ಲಿನ ಕಷ್ಟದ ಭಾಗ.

ಅನಂತರ, ಹೊಸಬರು ಎತ್ತಿಕೊಳ್ಳಬಹುದಾದ ಸಣ್ಣ ಕೆಲಸಗಳನ್ನು ಗಿಟ್‌ಹಬ್‌ನ ಇಶ್ಯೂಗಳಲ್ಲಿ, ಅಂದರೆ ಆಗಬೇಕಾದ ಕೆಲಸಗಳ ಪಟ್ಟಿಯಲ್ಲಿ, ಬಿಡಿಬಿಡಿಯಾಗಿ ಬರೆದು ‘ಗುಡ್ ಫಸ್ಟ್ ಇಶ್ಯೂ’ ಎಂಬ ಗುರುತು ಹಚ್ಚಬೇಕು. ‘ಹುಡುಕಾಟ ಸರಿಯಿಲ್ಲ’ ಎಂದಷ್ಟೇ ಬರೆದರೆ ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಮಂಜೇಶ್ವರ ಎಂದು ಹುಡುಕಿದರೆ ಕೆಲವೊಮ್ಮೆ ಏನೂ ಸಿಗುತ್ತಿರಲಿಲ್ಲ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ‘ಜೇ’ ಅಕ್ಷರದ ಸ್ವರವನ್ನು ಏತ್ವದ ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ದೀರ್ಘವೆಂಬ ಎರಡು ಚಿಹ್ನೆಗಳಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕುವ ಪದವನ್ನೂ ಪಟ್ಟಿಯ ಪದವನ್ನೂ ಇಂಥವನ್ನು ಒಂದೇ ರೂಪಕ್ಕೆ ತರುವ, ಜಾವಾಸ್ಕ್ರಿಪ್ಟ್ ಭಾಷೆಯ ನಾರ್ಮಲೈಸ್ ಆದೇಶದ ಮೂಲಕ ಹಾಯಿಸಿದ ಮೇಲೆ ಹೋಲಿಸಿದರೆ ತೊಡಕು ಬಗೆಹರಿಯುತ್ತದೆ. ದೋಷ ಹೇಗೆ ಕಾಣಿಸಿಕೊಳ್ಳುತ್ತದೆ, ಯಾವ ಫೈಲಿನಲ್ಲಿದೆ, ಸರಿಯಾದ ಮೇಲೆ ಏನಾಗಬೇಕು ಎಂಬುದನ್ನೆಲ್ಲ ಬರೆದಿಟ್ಟಾಗ ವಾರದೊಳಗೆ ಅಪರಿಚಿತರೊಬ್ಬರು ಅದನ್ನು ಸರಿಪಡಿಸಿ ಕಳುಹಿಸಿದರು. ಹತ್ತು ನಿಮಿಷದಲ್ಲಿ ನಾನೇ ಮಾಡಿಬಿಡಬಹುದಾಗಿದ್ದ ಕೆಲಸವದು. ಮಾಡದೆ ಬಿಟ್ಟದ್ದರಿಂದಲೇ ಅವರು ಬಂದರು.

ಜಗಳಕ್ಕೆ ಕಾರಣವಾಗಬಲ್ಲ ವಿಷಯಗಳನ್ನು ಕಾಂಟ್ರಿಬ್ಯೂಟಿಂಗ್ ಎಂಬ ಫೈಲಿನಲ್ಲಿ ಮೊದಲೇ ತೀರ್ಮಾನಿಸಿಡುವುದು ಒಳ್ಳೆಯದು. ಕಾಸರಗೋಡಿನಲ್ಲಿ ಸ್ಥಳನಾಮವೆಂಬುದು ಬರೀ ಕಾಗುಣಿತದ ಪ್ರಶ್ನೆಯಲ್ಲ. ನಮ್ಮಲ್ಲಿ ಪ್ರತಿ ನಿಲ್ದಾಣಕ್ಕೂ ಒಂದು ಸಂಖ್ಯೆ, ಎರಡು ಹೆಸರು; ಕನ್ನಡದ ಪುಟದಲ್ಲಿ ಕನ್ನಡಿಗರು ಆಡುವ ರೂಪವೇ ಇರಬೇಕು, ಮಂಜೇಶ್ವರಂ ಎಂಬ ಲಿಪ್ಯಂತರ ಸಲ್ಲದು, ಮಲಯಾಳದ ಪುಟಕ್ಕೂ ಇದೇ ನಿಯಮ. ಕೋಡ್ ಬಾರದ ಮೇಷ್ಟರು, ಅಂಗಡಿಯವರು ತಿಳಿಸುವ ಸಮಯದ ಬದಲಾವಣೆಯನ್ನು ನಾವೇ ದಾಖಲಿಸಿ, ಅವರು ಒಪ್ಪಿದರೆ ಅವರ ಹೆಸರನ್ನೂ ಕೊಡುಗೆದಾರರ ಪಟ್ಟಿಗೆ ಸೇರಿಸುತ್ತೇವೆ.

ಪುಲ್ ರಿಕ್ವೆಸ್ಟ್, ಅಂದರೆ ತಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಿರೆಂಬ ಕೋರಿಕೆ, ಬಂದಾಗ ಎರಡು ದಿನದೊಳಗೆ ಉತ್ತರಿಸಬೇಕು. ‘ಭಾನುವಾರ ನೋಡುತ್ತೇನೆ’ ಎಂದರೂ ಆದೀತು. ಮುಖ್ಯ ಬ್ರಾಂಚಿಗೆ, ಅಂದರೆ ಕೋಡಿನ ಮೂಲ ಪ್ರತಿಗೆ, ಯಾರೂ, ನೀವೂ ಸೇರಿದಂತೆ, ನೇರವಾಗಿ ಬರೆಯದಂತೆ ಬೀಗ ಹಾಕಿಡಬೇಕು.

ತಿದ್ದುಪಡಿಗಳನ್ನು ವಿಲೀನಗೊಳಿಸುವ ಅಧಿಕಾರ, ಸರ್ವರ್‌ನ ಪ್ರವೇಶ, ಡೊಮೇನ್ ಹೆಸರಿನ ಖಾತೆ, ಇವು ಕನಿಷ್ಠ ಇಬ್ಬರ ಬಳಿ ಇರಲಿ. ನಮ್ಮಲ್ಲಿ ಎರಡನೆಯವನು ಆ ಸೋದರಳಿಯನೇ. ಕಳೆದ ಮಳೆಗಾಲದಲ್ಲಿ ಅಡಿಕೆಮರ ತಂತಿಯ ಮೇಲೆ ಬಿದ್ದು ನಮ್ಮಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ, ಬಂದಿದ್ದ ಎರಡು ತಿದ್ದುಪಡಿಗಳನ್ನು ಅವನು ಮಂಗಳೂರಿನ ಹಾಸ್ಟೆಲಿನಿಂದಲೇ ಪರಿಶೀಲಿಸಿ ಸೇರಿಸಿದ್ದ.