ಸ್ಕೆಚ್ ಪೆನ್ ಮೊದಲು, ಇಇಜಿ ಆಮೇಲೆ

ತಲೆಗೆ ಪೆಟ್ಟಾಗಿ ತಿಂಗಳುಗಳ ಮೇಲೆ ಕಣ್ಮುಂದೆ ಏನೋ ಕಾಣುತ್ತೆ ಅನ್ನುವವರಿಂದ, ಇಇಜಿಗೆ (ಮಿದುಳಿನ ವಿದ್ಯುತ್ ಅಲೆಗಳ ರೆಕಾರ್ಡಿಂಗ್) ಮೊದಲು, ಕಂಡದ್ದರ ಚಿತ್ರ ಬರೆಸುತ್ತೇನೆ; ಅದು ಫಿಟ್ಸೋ, ಮೈಗ್ರೇನೋ, ಕಣ್ಣಿನ ತೊಂದರೆಯೋ ಅನ್ನೋ ಸುಳಿವು ಸಿಗಲಿ ಅಂತ. "ಇಇಜಿ ನಾರ್ಮಲ್ ಬಂದಿದೆ, ಚಿತ್ರ ಬರೆಸಿ ಏನ್ ಮಾಡ್ತೀರಿ" ಅಂದಿದ್ದ ಡಾಕ್ಟರುಗಳೇ ಈಗ ರೋಗಿಯ ಕೈಲಿ ಹಾಳೆ ಕೊಟ್ಟು ಕಳಿಸುತ್ತಿದ್ದಾರೆ.

ಖರ್ಚು 12 ಬಣ್ಣದ ಸ್ಕೆಚ್ ಪೆನ್ನಿನದು, 80 ರೂಪಾಯಿ ಇರಬಹುದು. ಮೊದಲು ಡೈರಿ ಬರೆಸಿ ಸೋತೆ. "ಕಣ್ಣು ಮಂಜಾಯ್ತು" ಅಂತ ಬರೆದುಕೊಂಡು ಬಂದರೆ ಏನೂ ಬಗೆಹರಿಯಲ್ಲ. ಈಗ ಹಾಳೆಯ ನಡುವೆ ಪ್ಲಸ್ ಗುರುತು ಹಾಕಿ, ಅದು ದೃಷ್ಟಿ ನೆಟ್ಟ ಜಾಗ ಅಂತ ಹೇಳಿ, ಎಲ್ಲಿ ಶುರುವಾಗಿ ಎತ್ತ ಸರಿಯಿತು ಅನ್ನೋದನ್ನು ಬರೆಸುತ್ತೇನೆ. ಒಂದೇ ಪಕ್ಕದಲ್ಲಿ ದುಂಡನೆಯ ಬಣ್ಣದ ಚುಕ್ಕೆಗಳು, ಕೆಲವು ಸೆಕೆಂಡಿನಿಂದ 2-3 ನಿಮಿಷ, ಪ್ರತಿಸಲವೂ ಅದೇ ಚಿತ್ರ ಅಂದರೆ ಆಕ್ಸಿಪಿಟಲ್ ಫಿಟ್ಸಿನ (ಮಿದುಳಿನ ಹಿಂಭಾಗದಲ್ಲಿ, ನೋಟದ ಜಾಗದಲ್ಲಿ ಏಳುವಂಥದ್ದು) ಅನುಮಾನ ಗಟ್ಟಿ. ಕಪ್ಪು-ಬಿಳುಪು ಅಂಕುಡೊಂಕು ಗೆರೆ ನಿಧಾನಕ್ಕೆ ಹರಡಿ 20-30 ನಿಮಿಷ ಇದ್ದರೆ ಮೈಗ್ರೇನ್ ಕಡೆ. ತಲೆನೋವು ಎರಡರಲ್ಲೂ ಬರುತ್ತೆ, ಅದನ್ನು ನಂಬಿ ಕೂರಬೇಡಿ. ಎರಡೆರಡು ಕಾಣುತ್ತೆ ಅಂದವರಿಗೆ ಒಂದು ಕಣ್ಣು ಮುಚ್ಚಿಸಿ. ಆಗ ಒಂದೇ ಕಂಡರೆ ಅದು ಎರಡು ಕಣ್ಣುಗಳ ಹೊಂದಾಣಿಕೆಯ ತೊಂದರೆ. ಅದರಲ್ಲೂ ಮೆಟ್ಟಿಲಿಳಿಯುವಾಗ ಒಂದರ ಮೇಲೊಂದು ಕಂಡರೆ ಕಣ್ಣು ತಿರುಗಿಸುವ ನಾಲ್ಕನೇ ನರದ ಅನುಮಾನ. ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ, ಇಇಜಿಯ ಒಂದೂವರೆ-ಎರಡು ಸಾವಿರ ಉಳಿಯುತ್ತೆ.

ಎಷ್ಟು ಹೊತ್ತಿತ್ತು ಅಂದರೆ ಮನೆಯವರು ಹೇಳುವ "ಹತ್ತು ನಿಮಿಷ" ಫೋನ್ ವಿಡಿಯೊದಲ್ಲಿ ಒಂದೂವರೆ ನಿಮಿಷ ಆಗಿರುತ್ತೆ. ವಿಡಿಯೊ ಇಲ್ಲದೆ ಸಮಯ ಬರೆದುಕೊಳ್ಳಬೇಡಿ.

ರೆಕಾರ್ಡಿಂಗ್‌ಗೆ ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಬೇಕು, ಎಣ್ಣೆ ಬೇಡ, ಉಪವಾಸ ಬೇಡ, ಮಾತ್ರೆ ಬಿಡಬಾರದು. ರೆಕಾರ್ಡಿಂಗ್ ವೇಳೆ ನಿದ್ದೆ ಬರಲಿ ಅಂತ ರಾತ್ರಿ ನಿದ್ದೆಗೆಟ್ಟು ಬನ್ನಿ ಅಂದರೆ ಬಸ್ಸಿನಲ್ಲಿ ಎರಡು ಗಂಟೆ ನಿದ್ದೆ ಹೊಡೆದು ಬರುತ್ತಾರೆ. ಎಷ್ಟೋ ರೆಕಾರ್ಡಿಂಗ್ ಹಾಗೇ ದಂಡವಾದವು; ಈಗ ಜೊತೆಗೆ ಬರುವವರಿಗೇ ಕಾವಲು ಕೆಲಸ. ತಲೆಗೆ ಅಂಟಿಸುವ ಎಲೆಕ್ಟ್ರೋಡಿನ ಇಂಪಿಡೆನ್ಸ್ (ಚರ್ಮದ ಜೊತೆಗಿನ ವಿದ್ಯುತ್ ತಡೆ) 5 ಕಿಲೊಓಮ್ ಒಳಗಿರಲಿ. ಹೊಲಿಗೆಯ ಗುರುತಿನಿಂದ ಎಲೆಕ್ಟ್ರೋಡ್ ಸರಿಸಿದರೆ ಆಚೆ ಪಕ್ಕದ ಜೋಡಿಯನ್ನೂ ಅಷ್ಟೇ ಸರಿಸಿ, ಇಲ್ಲದಿದ್ದರೆ ಎಡ-ಬಲ ವ್ಯತ್ಯಾಸ ನೀವೇ ಹುಟ್ಟಿಸಿದ್ದಾಗುತ್ತೆ.

ಇನ್ನು ಎಡವುವ ಜಾಗ. ಬುರುಡೆಯ ಮೂಳೆ ತೆಗೆದಿರುವ ಕಡೆ ಅಲೆಗಳು ಎತ್ತರವಾಗಿ, ಚೂಪಾಗಿ ಬರುತ್ತವೆ. ಬ್ರೀಚ್ ರಿದಮ್ ಅದು, ಅದನ್ನು ಸ್ಪೈಕ್ (ಫಿಟ್ಸಿನ ಸುಳಿವಾದ ಚೂಪು ಅಲೆ) ಅಂತ ಬರೆದು ನಾನೇ ಬೈಸಿಕೊಂಡಿದ್ದೇನೆ. ಹಗುರ ನಿದ್ದೆಯಲ್ಲಿ ಹಿಂದಲೆಯಲ್ಲಿ ಬರುವ ಪಾಸಿಟಿವ್ ತ್ರಿಕೋನದಂಥ ಅಲೆಗಳಿಗೆ ಪೋಸ್ಟ್ಸ್ (POSTS) ಅಂತ ಹೆಸರು, ಆರೋಗ್ಯವಂತರಲ್ಲೂ ಬರುವಂಥವು. ಕಣ್ಣು ಬಿಟ್ಟಾಗ ಅಂಥವೇ ಬಂದರೆ ಮುಖದ ಮುಂದೆ ಬಿಳಿ ಹಾಳೆ ಹಿಡಿಯಿರಿ: ಮಾಯವಾದರೆ ಅವು ಲ್ಯಾಂಬ್ಡಾ, ಏನನ್ನಾದರೂ ನೋಡುವಾಗ ಬರುವ ಅಲೆ, ರೋಗವಲ್ಲ. ಈ ಹಾಳೆಗೆ ದುಡ್ಡೂ ಇಲ್ಲ.

ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ನೋಟ ತಪ್ಪಿಸಿದರೆ ಸ್ಪೈಕ್ ಏಳುತ್ತಾ ಅಂತಲೂ ಕೆಲವು ದಿನ ನೋಡಿದೆ. ಪೆಟ್ಟಾದವರಲ್ಲಿ ಹೆಚ್ಚೇನೂ ಸಿಗಲಿಲ್ಲ, ಕೈಬಿಟ್ಟೆ.

ಮೊದಲ ರೆಕಾರ್ಡಿಂಗ್ ಖಾಲಿ ಬಂದರೆ ಫಿಟ್ಸ್ ಇಲ್ಲ ಅಂತಲ್ಲ. ನಿದ್ದೆಯೊಂದಿಗೆ ಇನ್ನೊಮ್ಮೆ ಮಾಡಿ. ಫಿಟ್ಸ್ ಪೆಟ್ಟಾಗಿ 7 ದಿನದೊಳಗೆ ಬಂದದ್ದೋ ಆಮೇಲಿನದ್ದೋ ಅನ್ನೋದನ್ನು ರಿಪೋರ್ಟಿನ ಮೇಲೇ ಬರೆಯಿರಿ, ಮಾತ್ರೆಯ ತೀರ್ಮಾನ ಅದರ ಮೇಲೆ ನಿಂತಿರುತ್ತೆ. ಅಲ್ಲಿಯವರೆಗೆ ಬೈಕ್ ಕೀ ಮನೆಯವರ ಹತ್ತಿರ ಇರಲಿ.

ಚಿತ್ರ ಬರೆಸುವ ಮೊದಲು ಕೇಳುವ ಎರಡು ಪ್ರಶ್ನೆ ಇವೆ. ಅವನ್ನು ಇಲ್ಲಿ ಹಾಕಲ್ಲ. ಹಾಕಿದರೆ ರೋಗಿಗಳು ಮನೆಯಲ್ಲೇ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮತ್ತೆ, ಹಾಳೆಯ ಫೋಟೊ ಹಗಲು ಬೆಳಕಲ್ಲೇ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ಹಳದಿ, ಕಿತ್ತಳೆ ಎಲ್ಲ ಒಂದೇ ಆಗಿಬಿಡುತ್ತೆ.