ಮಾಗಿ ಚಳಿಯಲ್ಲಿ ಕಬ್ಬು ಕಡಿಯಲು ನನಗೆ ಒಗ್ಗಿದ ಗ್ಲೌಸ್

ನಮ್ಮದು ಪಾಂಡವಪುರದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಿನ ಗದ್ದೆ. ಎರಡೂವರೆ ಎಕರೆ ಕಬ್ಬು, ಜೊತೆಗೆ ಚಿಕ್ಕಪ್ಪನ ಆಲೆಮನೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ 6ಕ್ಕೆ ಕಬ್ಬಿನೊಳಗೆ ಇಳಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಚಳಿ ಅಂದರೆ 15, 16 ಡಿಗ್ರಿ ಇರಬಹುದು, ಅಷ್ಟೇ. ಆದರೆ ಗರಿ ತುಂಬ ಇಬ್ಬನಿ. ಮೊದಲ ಹತ್ತು ಜಲ್ಲೆ ಕಡಿಯುವಷ್ಟರಲ್ಲಿ ಕೈ ತೊಯ್ದು ತೊಪ್ಪೆ. ಆಮೇಲೆ ಸಣ್ಣ ಗಾಳಿ ಬೀಸಿದರೂ ಸಾಕು, ಬೆರಳು ಮರಗಟ್ಟುತ್ತವೆ.

ನಾಲ್ಕು ಚಳಿಗಾಲದ ಹಿಂದೆ ಹಾಗೆ ಮರಗಟ್ಟಿದ ಎಡಗೈಯಲ್ಲಿ ಜಲ್ಲೆ ಜಾರಿ, ಮಚ್ಚು ಹೆಬ್ಬೆರಳಿಗೆ ಬಿತ್ತು. ನಾಲ್ಕು ಹೊಲಿಗೆ, ಹದಿನೈದು ದಿನ ಕೆಲಸ ಇಲ್ಲ. ಅವತ್ತೇ ಗ್ಲೌಸ್ ಹುಡುಕಲು ಶುರು ಮಾಡಿದೆ. ಚಿಕ್ಕಪ್ಪ ಅಂದರು: "ಇದೇನ್ ಕಾಶ್ಮೀರ್‌ವೇನ್ಲಾ? ಕೈಗೆ ಚೀಲ ಕಟ್ಕೊಂಡು ಯಾರಾದ್ರೂ ಕಬ್ಬು ಕಡಿದಿರಾದ್ ನೋಡಿದ್ಯಾ?" ಕಡಿಯಲು ಬರುವ ಆಳುಗಳೂ ಅದನ್ನೇ ಹೇಳಿದರು.

ಮೊದಲು ತಂದದ್ದು ಬಿಳಿ ಹತ್ತಿ ದಾರದ ಗ್ಲೌಸ್. ಡಜನ್‌ಗೆ 200 ರೂಪಾಯಿ ಆಸುಪಾಸು ಕೊಟ್ಟ ನೆನಪು. ಹತ್ತೇ ನಿಮಿಷಕ್ಕೆ ಇಬ್ಬನಿ ಕುಡಿದು ಒದ್ದೆ ಬಟ್ಟೆ ಸುತ್ತಿಕೊಂಡ ಹಾಗಾಯಿತು. ಬರಿಗೈಯೇ ವಾಸಿ. ಆಮೇಲೆ ವೆಲ್ಡಿಂಗ್‌ನವರ ತೊಗಲಿನ ಗ್ಲೌಸ್, 180 ರೂಪಾಯಿ. ಗರಿ ಕೊಯ್ಯುವುದು, ಸುಂಕಿನ ಸಣ್ಣ ಮುಳ್ಳು ಚುಚ್ಚುವುದು ನಿಂತಿತು. ಆದರೆ ಒಂದು ಸಲ ನೆನೆದು ಒಣಗಿದ ಮೇಲೆ ಕೊರಡಿನಂತೆ ಸೆಟೆದುಕೊಂಡಿತು, ಬೆರಳು ಮಡಚಲು ಆಗಲಿಲ್ಲ. ಕೊಬ್ಬರಿ ಎಣ್ಣೆ ಸವರಿ ನೋಡಿದೆ. ಆ ಚಳಿಗೆ ಎಣ್ಣೆಯೇ ಗಟ್ಟಿ. ಮೂರನೆಯದು ಬೈಕ್‌ನವರ ದಪ್ಪ ಗ್ಲೌಸ್, 300ರ ಹತ್ತಿರ. ಬೆಚ್ಚಗೇನೋ ಇತ್ತು, ಮಚ್ಚಿನ ಹಿಡಿ ಮಾತ್ರ ಕೈಯಲ್ಲಿ ತಿರುಗುತ್ತಿತ್ತು. ಅದು ಅಪಾಯ, ಎರಡೇ ದಿನಕ್ಕೆ ಬಿಟ್ಟೆ. ಎರಡು ವರ್ಷದಲ್ಲಿ ಒಟ್ಟು ಸಾವಿರದ ಐನೂರಾದರೂ ಹೋಗಿರಬೇಕು.

ನನ್ನ ತಪ್ಪು ಏನು ಅಂದರೆ, ದಪ್ಪ ಇದ್ದರೆ ಬೆಚ್ಚಗೆ ಅಂದುಕೊಂಡಿದ್ದೆ. ನಮ್ಮ ಚಳಿಗೆ ದಪ್ಪ ಬೇಕಿಲ್ಲ, ಕೈ ಒಣಗಿದ್ದರೆ ಸಾಕು. ಹಾಗಾಗಿ ಒಂದು ದಪ್ಪದ ಬದಲು ಎರಡು ತೆಳು ಹಾಕಿದೆ. ಒಳಗೆ ಉಲ್ಲನ್, ಹೊರಗೆ ರಬ್ಬರ್ ಹಚ್ಚಿದ್ದು.

ಹೊರಗಿನದು ಅಂಗೈಗೆ ಮಾತ್ರ ರಬ್ಬರ್ ಇದ್ದರೆ ಆಗುವುದಿಲ್ಲ. ಕಬ್ಬಿನ ಗರಿ ತಾಗುವುದೇ ಕೈಯ ಹಿಂಭಾಗಕ್ಕೆ, ನೀರು ಅಲ್ಲಿಂದಲೇ ಇಳಿಯುತ್ತದೆ. ಬೆರಳಿನ ಗೆಣ್ಣು ದಾಟಿ ಮೇಲಿನವರೆಗೂ ರಬ್ಬರ್‌ನಲ್ಲಿ ಮುಳುಗಿಸಿದ್ದು ಬೇಕು. ಮೇಲ್ಮೈ ಸುಕ್ಕು ಸುಕ್ಕಾಗಿರಬೇಕು. ನುಣುಪು ರಬ್ಬರ್ ಒದ್ದೆ ಜಲ್ಲೆಗೆ ಜಾರುತ್ತದೆ. ನನ್ನ ಕೈಗೆ 9ನೇ ಸೈಜ್ ಸರಿ, ಆದರೆ ಹೊರಗಿನದು 10 ತೆಗೆದುಕೊಳ್ಳುತ್ತೇನೆ. ಬಿಗಿಯಾದರೆ ರಕ್ತ ಓಡಾಡುವುದಿಲ್ಲ, ಎರಡು ಪದರ ಹಾಕಿಯೂ ಬೆರಳು ತಣ್ಣಗೇ ಇರುತ್ತದೆ. ನಾನು ತಂದಾಗ ಒಂದು ಜೊತೆಗೆ 90ರಿಂದ 110 ರೂಪಾಯಿ ಇತ್ತು. ದುಬಾರಿ ಗ್ಲೌಸ್ ಮೇಲೆ ಹಿಮದ ಹರಳಿನ ಗುರುತು, ಕೆಳಗೆ ಮೂರು ಅಂಕಿ ಇರುತ್ತವೆ. ಅದು ಇಎನ್ 511, ಚಳಿ ತಡೆಯುವ ಗ್ಲೌಸ್‌ಗೆ ಯುರೋಪಿನವರು ಇಟ್ಟ ಮಾನದಂಡ. ಕೊನೆಯ ಅಂಕಿ ನೀರು ತಡೆಯುವುದರದು. ಅಲ್ಲಿ 1 ಇಲ್ಲದಿದ್ದರೆ ನಮ್ಮ ಇಬ್ಬನಿಗೆ ಅದು ಸುಮ್ನೆ ದಂಡ.

ಒಳಗಿನ ಉಲ್ಲನ್‌ಗೆ ಟಿಬೆಟಿಯನ್ನರು ಇರುವ ಬೈಲುಕುಪ್ಪೆಯವರೆಗೂ ಹೋದೆ. ಸ್ವೆಟರ್ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಅರ್ಧಕ್ಕರ್ಧ ಅಕ್ರಿಲಿಕ್. ಒಂದೆಳೆ ಕಿತ್ತು ಬೆಂಕಿ ತಾಗಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತೆ ಉಳಿದರೆ ಅಕ್ರಿಲಿಕ್. ಉಣ್ಣೆ ಬೆವರಿಗೆ ಸ್ವಲ್ಪ ಒದ್ದೆಯಾದರೂ ಬೆಚ್ಚಗೇ ಇರುತ್ತದೆ. ಮೂರು ಜೊತೆ ಇಟ್ಟುಕೊಂಡಿದ್ದೇನೆ. 8ಕ್ಕೆ ತಿಂಡಿಗೆ ಕೂತಾಗ ಒಳಗಿನದನ್ನು ಬದಲಿಸುತ್ತೇನೆ. ತೆಗೆದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮೈ ಬಿಸಿಗೇ ಅಷ್ಟಿಷ್ಟು ಒಣಗುತ್ತದೆ. ಮಣಿಕಟ್ಟಿನ ಹತ್ತಿರ ನೀರು ಇಳಿಯದ ಹಾಗೆ ನಾನೇ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗದ್ದೆಗೆ ಬಂದರೆ ತೋರಿಸುತ್ತೇನೆ.

ರಾತ್ರಿ ನೀರು ಕಟ್ಟುವಾಗ ಇನ್ನೊಂದು ಪ್ರಯೋಗ ಮಾಡಿದೆ. ಒಳಗೆ ಡಾಕ್ಟರ್ ಹಾಕುವ ತೆಳು ಗ್ಲೌಸ್, ಅದರ ಮೇಲೆ ಉಲ್ಲನ್. ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಬೆವರು ಹೊರಗೆ ಹೋಗದೆ ಕೈ ಬಟ್ಟೆ ಒಗೆದವರ ಕೈಯ ಹಾಗೆ ಸುಕ್ಕಾಯಿತು. ಒಂದೆರಡು ಮಡೆ ತಿರುಗಿಸಿ ಬರುವುದಕ್ಕೆ ಸರಿ, ಕಡಿಯುವುದಕ್ಕೆ ಬೇಡ.

ಒಣಗಿಸುವುದರಲ್ಲೂ ಒಂದು ಪೆಟ್ಟು ತಿಂದೆ. ಆಲೆಮನೆ ಒಲೆ ಇದೆಯಲ್ವಾ ಅಂತ ಬಾಯಿ ಪಕ್ಕದಲ್ಲೇ ಇಟ್ಟೆ. ಬೆಳಗಾಗುವುದರಲ್ಲಿ ಎರಡು ಜೊತೆ ರಬ್ಬರ್ ಅಂಟಂಟಾಗಿ ಒಂದಕ್ಕೊಂದು ಹಿಡಿದುಕೊಂಡಿತ್ತು. ಈಗ ಒಲೆಯಿಂದ ಐದಾರು ಅಡಿ ದೂರ, ದಾರ ಕಟ್ಟಿ, ಬೆರಳು ಮೇಲಾಗಿ ನೇತುಹಾಕುತ್ತೇನೆ. ಅದಕ್ಕೂ ಮೊದಲು ಅವತ್ತಿನದು ಅವತ್ತೇ ಉಗುರುಬೆಚ್ಚನೆ ನೀರಲ್ಲಿ ತೊಳೆಯಬೇಕು. ಕಬ್ಬಿನ ಹಾಲು ಹಾಗೇ ಒಣಗಿದರೆ ಗ್ಲೌಸ್ ಬಿರುಸಾಗುತ್ತದೆ, ರಾತ್ರಿಯೆಲ್ಲ ಇರುವೆ ಮುತ್ತುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಗ್ಲೌಸ್ ಹಾಕಿಕೊಂಡು ಗಾಣದ ಹತ್ತಿರ ಹೋಗಬೇಡಿ. ರೋಲರ್‌ಗೆ ಗ್ಲೌಸಿನ ತುದಿ ಸಿಕ್ಕರೂ ಸಾಕು, ಕೈಯನ್ನೇ ಎಳೆದುಕೊಳ್ಳುತ್ತದೆ. ಕಬ್ಬು ಕೊಡುವವರು ಬರಿಗೈಲೇ ಇರಬೇಕು, ಅದೂ ರೋಲರ್‌ನಿಂದ ದೂರ. ನಮ್ಮ ಆಲೆಮನೆ ಬಾಗಿಲಲ್ಲಿ ಮೊಳೆ ಹೊಡೆದಿದ್ದೇನೆ, ಎಲ್ಲರೂ ಅಲ್ಲೇ ಬಿಚ್ಚಿ ತಗುಲಿಸಿ ಒಳಗೆ ಬರಬೇಕು.

ಜಲ್ಲೆ ಹಿಡಿಯುವ ಎಡಗೈ ಗ್ಲೌಸ್ ಮೂರು ವಾರಕ್ಕೆ ಸವೆಯುತ್ತದೆ, ಮಚ್ಚಿನ ಬಲಗೈಯದು ಎರಡು ತಿಂಗಳು ಬರುತ್ತದೆ. ಮನೆಯಲ್ಲಿ ಬಲಗೈಯವು ಏಳೆಂಟು ಸುಮ್ಮನೆ ಬಿದ್ದಿದ್ದವು. ಪಕ್ಕದ ಗದ್ದೆಯ ಅಣ್ಣ ಒಬ್ಬರು ಎಡಚರು. ಅವರಿಗೆ ಬಲಗೈಯದೇ ಮೊದಲು ಹರಿಯುತ್ತದೆ. ಈಗ ಇಬ್ಬರೂ ಸೇರಿ ತಂದು ಹಂಚಿಕೊಳ್ಳುತ್ತೇವೆ. ಹೋದ ಚಳಿಗಾಲ ನನ್ನ ಖರ್ಚು 600 ದಾಟಲಿಲ್ಲ. ಮೊದಲು 8ಕ್ಕೆ ಹಿಡಿತಕ್ಕೆ ಬರುತ್ತಿದ್ದ ಕೈ ಈಗ 6ಕ್ಕೇ ಬರುತ್ತದೆ. ಬಿಸಿಲು ಏರುವ ಹೊತ್ತಿಗೆ ನಮ್ಮೂರಲ್ಲಿ ನನ್ನಷ್ಟು ಸಾಲು ಕಡಿದವರು ಇರುವುದಿಲ್ಲ.

ಈ ಸಲ ಧನುರ್ಮಾಸಕ್ಕೆ ಮೊದಲೇ ಚಿಕ್ಕಪ್ಪ ಕರೆದು ಹೇಳಿದರು: "ಮಗಾ, ನಂಗೂ ಎಲ್ಡು ಜೊತೆ ತಂದ್ಬುಡು." ಅವರ ಕೈ ದೊಡ್ಡದು, ಹೊರಗಿನದು 11 ಆದರೂ ಬೇಕು. ಮಂಡ್ಯದಲ್ಲಿ ನಾಲ್ಕು ಅಂಗಡಿ ನೋಡಿದೆ, ಸಿಗಲಿಲ್ಲ. ಭಾನುವಾರ ಮೈಸೂರಿಗೆ ಹೋಗಿ ಸಂತೇಪೇಟೆಯಲ್ಲಿ ವಿಚಾರಿಸುತ್ತೇನೆ.