ಒಬ್ಬ ದೊರೆಗೆ ಒಂದೇ ಪುಟ: ಇಂಗ್ಲೆಂಡಿನ ರಾಜರಾಣಿಯರ ಬಗ್ಗೆ ಮಕ್ಕಳ ಕೈಲಿ ಬರೆಸುವುದು ಹೇಗೆ?

ಮಂಡ್ಯದ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ 31 ವರ್ಷ ಸಮಾಜ ಪಾಠ ಮಾಡಿದವಳು ನಾನು. ಈಗ ನಿವೃತ್ತಿಯಾಗಿದೆ. ಆದರೂ ಸಂಜೆ ಆರಕ್ಕೆ ಏಳೆಂಟು ಮಕ್ಕಳು ನಮ್ಮ ಮನೆ ಜಗಲಿಗೆ ಬಂದು ಕೂರುತ್ತಾರೆ. ಒಂದು ವರ್ಷದಿಂದ ಅವರ ಕೈಲಿ ಇಂಗ್ಲೆಂಡಿನ ರಾಜರಾಣಿಯರ ಪುಟ್ಟ ಪುಟ್ಟ ಜೀವನಚರಿತ್ರೆ ಬರೆಸುತ್ತಿದ್ದೇನೆ. ಒಬ್ಬರಿಗೆ ಒಂದೇ ಪುಟ. ಮನೆಯಲ್ಲಿ ನೀವೂ ಬರೆಸಬಹುದು.

ಮೊದಲ ಮಾತು, ಹುಟ್ಟಿನಿಂದ ಶುರು ಮಾಡಬೇಡಿ. "ಇಂಥ ದಿನ ಹುಟ್ಟಿದ, ತಂದೆ ಇಂಥವರು" ಅಂತ ಬರೆದರೆ ಎರಡನೇ ಸಾಲಿಗೇ ಮಕ್ಕಳಿಗೆ ಆಕಳಿಕೆ ಬರುತ್ತದೆ. ಪುಟದ ತಲೆಯಲ್ಲಿ ಹೆಸರು, ಆಳಿದ ವರ್ಷ ಬರೆಸಿ. ಅದರ ಕೆಳಗೆ ಒಂದು ಪ್ರಶ್ನೆ: ಸಿಂಹಾಸನ ಇವರ ಕೈಗೆ ಹೇಗೆ ಬಂತು? ಒಂದನೇ ವಿಲಿಯಂನನ್ನೇ ತಗೊಳ್ಳಿ. ಆತ ನಾರ್ಮಂಡಿಯಿಂದ ಸಮುದ್ರ ದಾಟಿ ಬಂದು, 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಗೆದ್ದ. ಅದೇ ವರ್ಷ ಕ್ರಿಸ್‌ಮಸ್ ದಿನ ಕಿರೀಟ ಇಟ್ಟುಕೊಂಡ. ಅಂದರೆ ಕಿತ್ತುಕೊಂಡ ರಾಜ್ಯ. ಇಷ್ಟು ತಿಳಿದರೆ ಮುಂದಿನದು ತಾನಾಗಿ ಬಿಡಿಸಿಕೊಳ್ಳುತ್ತದೆ. ಇಪ್ಪತ್ತು ವರ್ಷದ ಮೇಲೆ, 1086ರಲ್ಲಿ, ಯಾವ ಊರಲ್ಲಿ ಯಾರ ಜಮೀನು ಎಷ್ಟು, ನೇಗಿಲು ಎಷ್ಟು, ಗಿರಣಿ ಎಷ್ಟು ಅಂತ ಯಾಕೆ ಬರೆಸಿದ? ನಮ್ಮ ಮಕ್ಕಳಿಗೆ ಪಹಣಿ ಅಂದರೆ ಗೊತ್ತು. "ಇಡೀ ದೇಶದ ಪಹಣಿ ಮಾಡಿಸಿದ" ಅಂದೆ. ಮತ್ತೆ ವಿವರಿಸುವ ಕೆಲಸವೇ ಬೀಳಲಿಲ್ಲ.

ಆಮೇಲೆ ನಂಬರ್‌ಗಳ ತೊಡಕು. ಎಂಟು ಹೆನ್ರಿ, ಆರು ಜಾರ್ಜ್ ಅಂದರೆ ಯಾರಿಗಾದರೂ ತಲೆ ಕೆಡುತ್ತದೆ. ಆದರೆ ಇಮ್ಮಡಿ, ಮುಮ್ಮಡಿ, ನಾಲ್ವಡಿ ಅನ್ನುವ ಚಂದದ ಮಾತು ನಮ್ಮಲ್ಲೇ ಇದೆಯಲ್ಲ! ನಾನು ಮಕ್ಕಳಿಗೆ "ಮುಮ್ಮಡಿ ಜಾರ್ಜ್" ಅಂತಲೇ ಹೇಳುತ್ತೇನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ 1799ರ ಮೇ 4ರಂದು ಲಂಡನ್ನಿನಲ್ಲಿ ಆಳುತ್ತಿದ್ದವನು ಈ ಮುಮ್ಮಡಿ ಜಾರ್ಜ್. ಆ ವರ್ಷವೇ ಮೈಸೂರಿನ ಪಟ್ಟಕ್ಕೆ ಬಂದವರು ಐದು ವರ್ಷದ ಮಗು, ಮುಮ್ಮಡಿ ಕೃಷ್ಣರಾಜ ಒಡೆಯರು. ಇಬ್ಬರೂ ಮುಮ್ಮಡಿಗಳೇ. ಒಂದು ಸಲ ಹೇಳಿದರೆ ಸಾಕು, ಯಾವ ಮಗುವೂ ಮರೆಯುವುದಿಲ್ಲ.

ಹೀಗೆ ಪ್ರತಿ ಪುಟಕ್ಕೂ ನಮ್ಮ ಕಡೆಯ ಒಂದು ಗೂಟ ಹೊಡೆಯಿರಿ. ಒಂದನೇ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟದ್ದು 1600ರ ಕೊನೇ ದಿನ. ಹತ್ತು ವರ್ಷಕ್ಕೆ, 1610ರಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಇನ್ನು 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದಾಗ ಇದ್ದದ್ದು ವಿಕ್ಟೋರಿಯಾ.

ಇಡೀ ಪುಟ ಹೇಗಿರಬೇಕು ಅಂತ ತೋರಿಸಲು ನಾನು ಯಾವಾಗಲೂ ಆ್ಯನ್ ರಾಣಿಯನ್ನೇ ಆರಿಸುತ್ತೇನೆ. ಆಕೆಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗೆ ಅದು ಬೇಸರ. ಆಳಿದ್ದು 1702ರಿಂದ 1714. ಕಡಿಮೆ ಅಂದರೂ 17 ಸಲ ಗರ್ಭಿಣಿಯಾದಳು. ಒಂದು ಮಗುವೂ ಉಳಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ದಿನ ಬದುಕಿದ ಮಗ ವಿಲಿಯಂ ಕೂಡ 1700ರಲ್ಲಿ, ಹನ್ನೊಂದು ವರ್ಷಕ್ಕೇ ತೀರಿಕೊಂಡ. ಆ ಮಗು ಹೋದ ಮರುವರ್ಷವೇ ಪಾರ್ಲಿಮೆಂಟ್ ಒಂದು ಕಾಯಿದೆ ಮಾಡಿತು: ಆ್ಯನ್ ನಂತರ ಸಿಂಹಾಸನ ಹ್ಯಾನೋವರಿನ ಸೋಫಿಯಾಗೆ, ಆಮೇಲೆ ಅವಳ ಪ್ರಾಟೆಸ್ಟೆಂಟ್ (ರೋಮಿನ ಪೋಪ್‌ನನ್ನು ಒಪ್ಪದ ಕ್ರೈಸ್ತ) ವಂಶಕ್ಕೆ. ಸೋಫಿಯಾ ಆ್ಯನ್‌ಗಿಂತ ಕೆಲವೇ ವಾರ ಮುಂಚೆ ತೀರಿಕೊಂಡಿದ್ದರಿಂದ ಪಟ್ಟ ಅವಳ ಮಗ ಜಾರ್ಜ್‌ಗೆ ಹೋಯಿತು. ರಕ್ತಸಂಬಂಧದಲ್ಲಿ ಅವನಿಗಿಂತ ಹತ್ತಿರದವರು ಐವತ್ತಕ್ಕೂ ಹೆಚ್ಚು ಜನ ಇದ್ದರು. ಎಲ್ಲರೂ ಪೋಪ್‌ನನ್ನು ಒಪ್ಪುವ ಕ್ಯಾಥೊಲಿಕರು, ಹಾಗಾಗಿ ಎಲ್ಲರನ್ನೂ ಬಿಟ್ಟರು. ನಮ್ಮ ಗೂಟ ಯಾವುದು? ಅದೇ 1714ರಲ್ಲಿ ಮೈಸೂರಿನ ಮೂಕರಸು, ಅಂದರೆ ಇಮ್ಮಡಿ ಕಂಠೀರವ ನರಸರಾಜ ಒಡೆಯರು, ತೀರಿಕೊಂಡರು.

ಇದನ್ನು ಹೇಳಿದ ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಕೇಳಿದಳು: "ಮಿಸ್, ಮಕ್ಕಳಿಲ್ಲ ಅಂದ್ರೆ ದತ್ತು ತಗೋಬಹುದಿತ್ತಲ್ವಾ?" ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಅನ್ನುವ ಅಲಮೇಲಮ್ಮನ ಶಾಪದ ಕಥೆ ಕೇಳಿ ಬೆಳೆದ ಮಗು ಅದು. ಅವಳಿಗೆ ಈ ಪ್ರಶ್ನೆ ಬರಲೇಬೇಕು. ನಮ್ಮ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರು, 1867ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿತು. ಆದರೆ ಅವರದೇ ದೇಶದ ಸಿಂಹಾಸನಕ್ಕೆ ದತ್ತು ಮಗ ನಡೆಯುವುದಿಲ್ಲ, ರಕ್ತವೇ ಬೇಕು. ಈ ಮಾತನ್ನು ಅವಳು ತನ್ನ ಪುಟದಲ್ಲೇ ಬರೆದಳು. ಅದನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಮಕ್ಕಳ ಇಂಥ ಪ್ರಶ್ನೆಗೆ ಪುಟದಲ್ಲಿ ಎರಡು ಸಾಲು ಜಾಗ ಬಿಡಿ.

ಎಂಟನೇ ಹೆನ್ರಿ ಬಂದರೆ ಎಲ್ಲರೂ ಆರು ಹೆಂಡತಿಯರ ಹೆಸರಿನಲ್ಲೇ ಪುಟ ತುಂಬಿಸುತ್ತಾರೆ. ಯಾಕೆ ಆರು ಅಂತ ಕೇಳಿ. ಗಂಡುಮಗ ಬೇಕಿತ್ತು. ಆ ಹಟಕ್ಕೆ ರೋಮಿನ ಪೋಪ್ ಜೊತೆಗಿನ ಸಂಬಂಧ ಕಡಿದುಕೊಂಡು, 1534ರಲ್ಲಿ ಇಂಗ್ಲೆಂಡಿನ ಚರ್ಚ್‌ಗೆ ತಾನೇ ಯಜಮಾನನಾದ. ಕೊನೆಗೆ ಹುಟ್ಟಿದ ಮಗ ಎಡ್ವರ್ಡ್ ಹದಿನೈದಕ್ಕೇ ಹೋದ. ಐವತ್ತು ವರ್ಷ ದೇಶ ಆಳಿದ್ದು ಅವನ ಹೆಣ್ಣುಮಕ್ಕಳು, ಮೇರಿ ಮತ್ತು ಎಲಿಜಬೆತ್.

ಅಡ್ಡಹೆಸರಿನ ಬಗ್ಗೆ ಎಚ್ಚರ ಇರಲಿ. "ರಕ್ತದ ಮೇರಿ" ಅಂತ ಬರೆದು ಮುಗಿಸುವುದು ಸುಲಭ. ಆಕೆಯ ಐದು ವರ್ಷದಲ್ಲಿ ಸುಮಾರು 280 ಪ್ರಾಟೆಸ್ಟೆಂಟರನ್ನು ಸುಟ್ಟದ್ದು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಧರ್ಮದ ಹೆಸರಲ್ಲಿ ಅವಳ ಅಪ್ಪನೂ ಕೊಲ್ಲಿಸಿದ, ತಂಗಿಯೂ ಕೊಲ್ಲಿಸಿದಳು. ಈ ಹೆಸರು ಮಾತ್ರ ಮೇರಿಗೇ ಯಾಕೆ ಅಂಟಿತು? ಮುಂದೆ ಗೆದ್ದವರು ಪ್ರಾಟೆಸ್ಟೆಂಟರು, ಕಥೆ ಬರೆದವರೂ ಅವರೇ. ಅಡ್ಡಹೆಸರು ಬರೆಯುವಾಗ ಇಟ್ಟವರು ಯಾರು ಅನ್ನುವುದನ್ನೂ ಪಕ್ಕದಲ್ಲೇ ಬರೆಸಿ.

ತಪ್ಪು ಜಾಸ್ತಿ ಆಗುವ ಜಾಗ ಎರಡು. ಒಂದು ತಾರೀಖು. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಲೆಕ್ಕಕ್ಕೆ ಬರುತ್ತಿದ್ದದ್ದು ಮಾರ್ಚ್ 25ಕ್ಕೆ. ಒಂದನೇ ಚಾರ್ಲ್ಸ್‌ನ ತಲೆ ಕಡಿದದ್ದು ಅವರ ಲೆಕ್ಕದ ಜನವರಿ 30ಕ್ಕೆ. ವರ್ಷ ನಮ್ಮ ಲೆಕ್ಕದಲ್ಲಿ 1649. ಆ ಕಾಲದ ಕಾಗದಗಳಲ್ಲಿ ಅದು 1648. ಎರಡು ಕಡೆ ಎರಡು ವರ್ಷ ಕಂಡರೆ ಗಾಬರಿಯಾಗಬೇಡಿ. ಎರಡನೆಯದು ದೇಶದ ಹೆಸರು. ಇಂಗ್ಲೆಂಡ್, ಸ್ಕಾಟ್ಲೆಂಡ್ ಸೇರಿ ಗ್ರೇಟ್ ಬ್ರಿಟನ್ ಆದದ್ದು 1707ರಲ್ಲಿ, ನಮ್ಮ ಆ್ಯನ್ ಕಾಲದಲ್ಲೇ. ಆಮೇಲೆ ಬಂದವರನ್ನು ಬರೀ ಇಂಗ್ಲೆಂಡಿನ ರಾಜ ಅಂತ ಬರೆದರೆ ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ.

ಪುಟದ ಕೊನೇ ಸಾಲಲ್ಲಿ ಪಟ್ಟ ಯಾರಿಗೆ ಹೋಯಿತು ಅಂತ ಬರೆಸಿ. ಆ ಹೆಸರನ್ನೇ ಮರುದಿನದ ಪುಟದ ತಲೆಯಲ್ಲಿ ಬರೆದು, ಅಲ್ಲಿಂದ ಶುರು ಮಾಡಿಸಿ.